ಏಳು ಸೀಟು, ಎಂಬತ್ನಾಲ್ಕು ಕಂತು

ಕಾರ್ ತಗೊಳ್ಳೋಕೆ ಇದು ಕಾಲ ಅಲ್ಲ ಅಂತ ಕೇಳಿದವರೆಲ್ಲ ಹೇಳ್ತಾರೆ. ಸರಿ, ಒಪ್ಪಿದೆ, ಆದ್ರೆ ಮಕ್ಕಳ ಕಾಲು ಮಾರ್ಕೆಟ್ ನೋಡ್ಕೊಂಡು ಬೆಳೆಯಲ್ಲವಲ್ಲ. ದೊಡ್ಡವಳ ಮಂಡಿ ಡ್ರೈವಿಂಗ್ ಸೀಟಿನ ಬೆನ್ನಿಗೆ ಒತ್ತೋಕೆ ಶುರುವಾಗಿ ತುಂಬಾ ದಿನ ಆಯ್ತು, ಚಿಕ್ಕವನ ಚೈಲ್ಡ್ ಸೀಟ್ ಹಾಕಿದ ಮೇಲೆ ಅತ್ತೆಗೆ ಉಳಿಯೋದು ಅರ್ಧ ಸೀಟು, ಅವರು ಅದರಲ್ಲೇ ಒಂದು ಕಡೆ ವಾಲ್ಕೊಂಡು ಕೂತು "ನಂಗೇನೂ ತೊಂದ್ರೆ ಇಲ್ಲಮ್ಮ" ಅಂತಾರೆ, ಅಂದ್ರೆ ತೊಂದ್ರೆ ಇದೆ ಅಂತ ಅರ್ಥ. ಡಿಕ್ಕೀಲಿ ಸ್ಟ್ರೋಲರ್ ಇಟ್ರೆ ಮಿಕ್ಕ ಬ್ಯಾಗೆಲ್ಲ ತೊಡೆ ಮೇಲೆ. ಹೀಗಾಗಿ ಹತ್ತರ ಜೊತೆ ಹನ್ನೊಂದು ಅಂತ ನಾವೂ ಫ್ಯಾಮಿಲಿ ಎಸ್‌ಯುವಿ ಹುಡುಕೋಕೆ ಹೊರಟ್ವಿ.

ಬೆಲೆ ಜಾಸ್ತಿ ಆಗಿದೆ ಅನ್ನೋದು ಎಲ್ರಿಗೂ ಗೊತ್ತಿರೋ ವಿಷಯ. ಆದ್ರೆ ಏರಿದ್ದು ಯಾಕೆ ಇಳೀತಿಲ್ಲ ಅಂತ ಸ್ವಲ್ಪ ಕೆದಕಿ ನೋಡಿದಾಗ ನಂಗೆ ನಿಜವಾಗ್ಲೂ ಸಿಟ್ಟು ಬಂತು. 2020ರಲ್ಲಿ ಕೋವಿಡ್ ಶುರುವಾದಾಗ ಇನ್ನು ಕಾರ್ ಯಾರು ತಗೋತಾರೆ ಅಂತ ಕಂಪನಿಗಳು ಕಾರಿನ ಎಲೆಕ್ಟ್ರಾನಿಕ್ಸಿಗೆ ಬೇಕಾದ ಚಿಪ್ ಆರ್ಡರ್ ಕ್ಯಾನ್ಸಲ್ ಮಾಡಿದ್ವು, ಅಷ್ಟರಲ್ಲಿ ಮನೇಲಿ ಕೂತ ಜನ ಲ್ಯಾಪ್‌ಟಾಪು, ಟಿವಿ, ಗೇಮ್ ಕನ್ಸೋಲು ಅಂತ ತಗೊಳ್ಳೋಕೆ ಶುರು ಮಾಡಿದ್ರು, ಚಿಪ್ ಫ್ಯಾಕ್ಟರಿಗಳು ಆ ಕಡೆ ತಿರುಗಿದ್ವು, ಕಾರ್ ಕಂಪನಿಯವರು ವಾಪಸ್ ಬಂದಾಗ ಕ್ಯೂನ ಕೊನೇಲಿ ನಿಲ್ಬೇಕಾಯ್ತು. ಸಾಲದ್ದಕ್ಕೆ 2021ರ ಮಾರ್ಚ್‌ನಲ್ಲಿ ಜಪಾನಿನ ರೆನೆಸಾಸ್ ಕಂಪನಿಯ ಚಿಪ್ ಫ್ಯಾಕ್ಟರಿಗೆ ಬೆಂಕಿ ಬಿತ್ತು. ಹೊಸ ಕಾರ್ ಸಿಗಲ್ಲ ಅಂದ್ಮೇಲೆ ಎಲ್ರೂ ಹಳೇದಕ್ಕೆ ಮುಗಿಬಿದ್ರು. ಅಮೆರಿಕದಲ್ಲಿ 2021ರ ಜೂನ್ ಹೊತ್ತಿಗೆ ಸೆಕೆಂಡ್ ಹ್ಯಾಂಡ್ ಗಾಡಿಗಳ ಬೆಲೆ ಹಿಂದಿನ ವರ್ಷದ ಅದೇ ತಿಂಗಳಿಗಿಂತ 45% ಮೇಲಿತ್ತು. ದಿನ ಕಳೆದಂಗೆ ಬೆಲೆ ಕಳ್ಕೊಳ್ಳೋ ವಸ್ತು, ನಿಂತಲ್ಲೇ ಬೆಲೆ ಏರಿಸ್ಕೊಳ್ತು.

ಚಿಪ್ ಕೊರತೆ ಆಮೇಲೆ ತೀರ್ತು. ಆದ್ರೆ ಆ ಎರಡು ವರ್ಷದಲ್ಲಿ ಕಂಪನಿಗಳು ಒಂದು ಪಾಠ ಕಲ್ತುಬಿಟ್ವು. ಸಿಕ್ಕ ಅಷ್ಟಿಷ್ಟು ಚಿಪ್ಪನ್ನ ಲಾಭ ಜಾಸ್ತಿ ಇರೋ ದೊಡ್ಡ ಗಾಡಿಗೆ, ಟಾಪ್ ವೇರಿಯಂಟಿಗೆ ಹಾಕಿ, ಡಿಸ್ಕೌಂಟ್ ಕೊಡದೆ ಮಾರಿದ್ರೂ ಜನ ಕಾದು ನಿಂತು ತಗೋತಾರೆ ಅನ್ನೋದು. ಕಮ್ಮಿ ಗಾಡಿ ಮಾರಿ ಜಾಸ್ತಿ ದುಡ್ಡು ಮಾಡ್ಬಹುದು ಅಂತ ಗೊತ್ತಾದ ಮೇಲೆ ಸಣ್ಣ ಕಾರ್ ಮಾಡೋ ತಲೆನೋವು ಯಾರಿಗೆ ಬೇಕು? 1976ರಿಂದ ನಡ್ಕೊಂಡು ಬಂದಿದ್ದ ಫೋರ್ಡ್ ಫಿಯೆಸ್ಟಾನ 2023ರಲ್ಲಿ ನಿಲ್ಲಿಸಿದ್ರು, 2025ರಲ್ಲಿ ಫೋಕಸ್ ಕೂಡ ಹೋಯ್ತು. ಕಾರುಗಳ ಸರಾಸರಿ ಬೆಲೆ ಏರ್ತಾ ಇದೆ ಅಂತ ಪೇಪರಲ್ಲಿ ಓದಿದಾಗ ನಾವು ಅದೇ ಕಾರಿನ ಬೆಲೆ ಏರ್ತು ಅನ್ಕೋತೀವಿ, ಅರ್ಧ ಕಥೆ ಅಷ್ಟೇ ಅದು, ಇನ್ನರ್ಧ ಏನು ಅಂದ್ರೆ ಕೆಳಗಿನ ಮೆಟ್ಟಿಲನ್ನೇ ಕಿತ್ತು ಹಾಕಿದ್ದಾರೆ, ಹತ್ತೋದಾದ್ರೆ ಮೇಲಿಂದಾನೇ ಶುರು ಮಾಡಿ ಅಂತ. ಇಂಟರ್‌ನ್ಯಾಷನಲ್ ಎನರ್ಜಿ ಏಜೆನ್ಸಿ ಲೆಕ್ಕದಲ್ಲಿ 2023ರಲ್ಲಿ ಪ್ರಪಂಚದಲ್ಲಿ ಮಾರಾಟವಾದ ಕಾರುಗಳಲ್ಲಿ 48% ಎಸ್‌ಯುವಿಗಳು. ಜನಕ್ಕೆ ಇಷ್ಟ, ಅದಕ್ಕೆ ಮಾಡ್ತೀವಿ ಅಂತಾರೆ. ಜನಕ್ಕೆ ಇಷ್ಟಾನೇ, ನಾನೂ ಅದೇ ಜನ, ಎತ್ತರದಲ್ಲಿ ಕೂತು ರೋಡ್ ನೋಡೋದು ನಂಗೂ ಇಷ್ಟ. ಆದ್ರೆ ಬೇರೆ ಏನಿದೆ ತೋರ್ಸಿ ಅಂದ್ರೆ ಏನೂ ಇಲ್ದೇ ಇರೋವಾಗ ಇಷ್ಟ ಅನ್ನೋ ಮಾತಿಗೆ ಎಷ್ಟು ತೂಕ ಕೊಡ್ಬೇಕೋ.

ಶೋರೂಮಿಗೆ ಬರೋಣ. ಕೂತು ನೀರು ಕುಡಿಯೋ ಮುಂಚೆ ಬರೋ ಮೊದಲನೇ ಪ್ರಶ್ನೆ, "ತಿಂಗಳಿಗೆ ಎಷ್ಟು ಕಟ್ಟೋ ಪ್ಲಾನ್ ಇದೆ ಸರ್?" ಸರ್ ಅಂದ್ರೆ ಇವರು. ದಿನಾ ಗಾಡಿ ಓಡಿಸೋಳು ನಾನು, ಕೀ ಮಾತ್ರ ಇವರ ಕೈಗೆ. ಇರಲಿ, ಆ ಜಗಳ ಬೇರೆ. ಆ ಪ್ರಶ್ನೆಗೆ ಉತ್ತರ ಕೊಟ್ರೆ ಮುಗೀತು, ಆಮೇಲೆ ಇಡೀ ಮಾತುಕತೆ ಗಾಡಿ ಬೆಲೆ ಬಿಟ್ಟು ಕಂತಿನ ಮೇಲೆ ಹೋಗತ್ತೆ. ನಿಮ್ಮ ಬಜೆಟ್ಟಿಗಿಂತ ಮೇಲಿನ ಗಾಡಿ ತೋರಿಸ್ತಾರೆ, ಜಾಸ್ತಿ ಆಯ್ತಲ್ಲ ಅಂದ್ರೆ ಸಾಲದ ಅವಧಿ ಐದು ವರ್ಷದಿಂದ ಏಳಕ್ಕೆ ಎಳೀತಾರೆ, ಕಂತು ಇಳಿಯತ್ತೆ, ನಿಮ್ಮ ಮುಖದಲ್ಲಿ ನಗು ಬರತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ಕಾಲು ಚಾಚಿದಷ್ಟೂ ಹಾಸಿಗೇನ ಎಳೆದು ಕೊಡ್ತಾರೆ, ಎಳೆದಿದ್ದಕ್ಕೆ ಬಡ್ಡಿ.

ಆ ಬಡ್ಡಿ ಎಷ್ಟು ಅಂತ ಮನೇಗೆ ಬಂದು ಕ್ಯಾಲ್ಕುಲೇಟರ್ ಹಿಡ್ಕೊಂಡು ಕೂತೆ. ಸಾಲ 100 ಅಂತ ಇಟ್ಕೊಳ್ಳಿ, ಬಡ್ಡಿ ವರ್ಷಕ್ಕೆ 9%. ಐದು ವರ್ಷಕ್ಕೆ ಅಂದ್ರೆ 60 ಕಂತು, ತಿಂಗಳಿಗೆ 2.08 ಹತ್ರ, ಒಟ್ಟು ಕಟ್ಟೋದು ಸುಮಾರು 124.5. ಏಳು ವರ್ಷಕ್ಕೆ 84 ಕಂತು, ತಿಂಗಳಿಗೆ 1.61, ಒಟ್ಟು 135. ತಿಂಗಳ ಲೆಕ್ಕದಲ್ಲಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿದ ಹಾಗೆ ಕಾಣತ್ತೆ, ಒಟ್ಟು ಲೆಕ್ಕದಲ್ಲಿ ಬಡ್ಡಿ 24.5 ಇದ್ದಿದ್ದು 35 ಆಗತ್ತೆ. ಇನ್ನೊಂದು ತೊಂದ್ರೆ ಇದಕ್ಕಿಂತ ಕೆಟ್ಟದು. ಕಾರಿನ ಬೆಲೆ ಇಳಿಯೋದು ಮೊದಲನೇ ವರ್ಷಗಳಲ್ಲೇ ಜೋರು, ಏಳು ವರ್ಷದ ಸಾಲದಲ್ಲಿ ಅಸಲು ಇಳಿಯೋದು ಆ ಹೊತ್ತಿನಲ್ಲೇ ನಿಧಾನ, ಹಾಗಾಗಿ ನಡುವೆ ಏನಾದ್ರೂ ಆಗಿ ಮಾರ್ಬೇಕಾದ್ರೆ ಗಾಡಿ ಮಾರಿದ ದುಡ್ಡಲ್ಲಿ ಸಾಲ ತೀರದೆ ಇರ್ಬಹುದು, ಗಾಡಿ ಇಲ್ಲ, ಕಂತು ಇದೆ. 2022ರಿಂದ ಎಷ್ಟೋ ದೇಶಗಳ ಸೆಂಟ್ರಲ್ ಬ್ಯಾಂಕುಗಳು ಬಡ್ಡಿ ಏರಿಸಿದ ಮೇಲಂತೂ ಈ ಎಳೆಯೋ ಆಟ ಜಾಸ್ತಿ ದುಬಾರಿ ಆಗಿದೆ. ಅವತ್ತಿಂದ ನಾವು ಮನೇಲಿ ಒಂದು ರೂಲ್ ಮಾಡ್ಕೊಂಡ್ವಿ, ಶೋರೂಮಲ್ಲಿ ಕಂತಿನ ಮಾತೇ ಎತ್ತೋದಿಲ್ಲ, ಕೊನೇ ಬಿಲ್ ಎಷ್ಟು ಅಂತ ಮಾತ್ರ ಕೇಳೋದು, ಇನ್ಶೂರೆನ್ಸ್, ಮ್ಯಾಟು, ಕೋಟಿಂಗು, ಎಕ್ಸ್‌ಟೆಂಡೆಡ್ ವಾರಂಟಿ ಎಲ್ಲ ಬಿಡಿಬಿಡಿಯಾಗಿ ಬರೆಸ್ಕೊಂಡು.

ವೇರಿಯಂಟ್ ಆಟಾನೂ ಹೀಗೇ. ಬೇಸ್ ವೇರಿಯಂಟ್ ಬೆಲೆ ತೋರಿಸಿ ಕರೀತಾರೆ, ಹೋದ್ರೆ ನಿಮಗೆ ಬೇಕಾದ ಒಂದೇ ಒಂದು ವಸ್ತು, ನಮ್ಮ ವಿಷಯದಲ್ಲಿ ಆಟೋಮ್ಯಾಟಿಕ್ ಆಗಿ ಬ್ರೇಕ್ ಹಾಕೋ ಸೇಫ್ಟಿ ಸಿಸ್ಟಮ್ಮು, ಅದು ಸನ್‌ರೂಫ್ ಮತ್ತೆ 19 ಇಂಚಿನ ವೀಲ್ ಜೊತೇಲೇ ಬರತ್ತೆ, ಬಿಡಿಯಾಗಿ ಇಲ್ಲ. ಸನ್‌ರೂಫ್ ತಲೆ ಮೇಲಿನ ಜಾಗ ತಿನ್ನತ್ತೆ, ದೊಡ್ಡ ವೀಲಿಗೆ ಟೈರು ದುಬಾರಿ, ಟೈರಿನ ಪಕ್ಕದ ರಬ್ಬರು ತೆಳ್ಳಗಿರೋದ್ರಿಂದ ಗುಂಡಿಗೆ ಬಿದ್ರೆ ಸೊಂಟಕ್ಕೇ ಗೊತ್ತಾಗೋದು. ನಂಗೆ ಬೇಡದ ಎರಡಕ್ಕೆ ದುಡ್ಡು ಕೊಟ್ಟು ಬೇಕಾದ ಒಂದನ್ನ ಬಿಡಿಸ್ಕೋಬೇಕು. ಇದನ್ನ ಪ್ಯಾಕೇಜ್ ಅಂತಾರೆ.

ಇನ್ನು ಮೂರನೇ ಸಾಲು. ಇದರ ಬಗ್ಗೆ ಮಾತ್ರ ನಾನು ಸ್ವಲ್ಪ ಉದ್ದಾನೇ ಬರೀತೀನಿ, ಯಾಕಂದ್ರೆ ಫ್ಯಾಮಿಲಿ ಎಸ್‌ಯುವಿ ಅಂದ ಕೂಡ್ಲೆ ಎಲ್ರೂ ಏಳು ಸೀಟು ಅಂತಾರೆ, ಆ ಏಳು ಸೀಟಿನ ಹೆಸರಲ್ಲಿ ಬೆಲೆ ಒಂದು ದೊಡ್ಡ ಹೆಜ್ಜೆ ಮೇಲೆ ಹೋಗತ್ತೆ. ನಾವು ಚೈಲ್ಡ್ ಸೀಟ್, ಬೂಸ್ಟರ್ (ಬೆಲ್ಟ್ ಸರಿಯಾಗಿ ಕೂರ್ಲಿ ಅಂತ ದೊಡ್ಡವಳ ಕೆಳಗೆ ಇಡೋ ಎತ್ತರದ ಸೀಟು), ಸ್ಟ್ರೋಲರ್, ಅತ್ತೆ, ಎಲ್ಲಾನೂ ಕರ್ಕೊಂಡೇ ಹೋಗಿದ್ವಿ. ಸೇಲ್ಸಿನ ಹುಡುಗ ಮೊದಲು ನಕ್ಕ. ಆಮೇಲೆ ಎರಡನೇ ಸಾಲಲ್ಲಿ ಚಿಕ್ಕವನ ಸೀಟನ್ನ ಐಸೋಫಿಕ್ಸ್ ಕೊಕ್ಕೆಗೆ ಹಾಕಿದ್ವಿ, ಟಕ್ ಅಂತ ಕೂತ್ಕೊಳ್ತು. ಐಸೋಫಿಕ್ಸ್ 1999ರಿಂದ ಇರೋ ಸ್ಟ್ಯಾಂಡರ್ಡು, ಸೀಟ್ ಬೆಲ್ಟ್ ಸುತ್ತೋ ಸರ್ಕಸ್ ಇಲ್ಲದೆ ಗಾಡಿಯ ಬಾಡಿಗೇ ಸಿಕ್ಕಿಸೋದು, ಒಳ್ಳೇದೇ. ಈಗ ಮೂರನೇ ಸಾಲಿಗೆ ಹೋಗ್ಬೇಕು. ಹೋಗ್ಬೇಕಾದ್ರೆ ಎರಡನೇ ಸಾಲಿನ ಸೀಟು ಮಡಚಿ ಮುಂದಕ್ಕೆ ಜಾರ್ಬೇಕು. ಮೇಲೆ ಚೈಲ್ಡ್ ಸೀಟ್ ಸಿಕ್ಕಿಸಿದ್ರೆ ಅದು ಮಡಚಲ್ಲ. ಆ ಕಡೆಯಿಂದ ಹೋಗಿ ಮೇಡಂ ಅಂದ. ಆ ಕಡೆ ಬೂಸ್ಟರ್ ಎತ್ತಿ, ಸೀಟ್ ಮಡಚಿ, ದೊಡ್ಡವಳು ಕೋತಿ ಥರ ನುಗ್ಗಿದ್ಲು, ನುಗ್ಗಿ ಕೂತ ಮೇಲೆ ಮಂಡಿ ಗಲ್ಲದ ಹತ್ರ ಇತ್ತು, ನೆಲ ಎತ್ತರ, ಸೀಟು ತಗ್ಗು. ಇನ್ನು ಅತ್ತೆಗೆ ಎರಡನೇ ಸಾಲಿಗೆ ಹತ್ತೋದೇ ಕಷ್ಟ ಆಯ್ತು. ಬಾಗಿಲ ಕಂಬಿ ಹಿಡ್ಕೊಂಡು ಒಂದು ಕಾಲು ಮೇಲಿಟ್ಟು ನಿಂತು, "ಏನಮ್ಮ ಇದು, ಏಣಿ ಜೊತೆಗೇ ಕೊಡ್ತಾರಾ" ಅಂದ್ರು. ಕೊಡ್ತಾರೆ, ಅದಕ್ಕೆ ಸೈಡ್ ಸ್ಟೆಪ್ ಅಂತ ಹೆಸರು, ಆಕ್ಸೆಸರೀಸ್ ಲಿಸ್ಟಲ್ಲಿದೆ, ದುಡ್ಡು ಬೇರೆ.

ಮೂರನೇ ಸಾಲು ಎತ್ತಿ ನಿಲ್ಲಿಸಿದ್ರೆ ಡಿಕ್ಕಿ ಎಷ್ಟಿರತ್ತೆ ನೋಡೋಣ ಅಂತ ಹಿಂದಕ್ಕೆ ಹೋದ್ವಿ. ಸ್ಟ್ರೋಲರ್ ಹಿಡಿಸ್ಲಿಲ್ಲ. ನಿಲ್ಲಿಸಿ ನೋಡಿದ್ವಿ, ಮಲಗಿಸಿ ನೋಡಿದ್ವಿ, ಚಕ್ರ ಬಿಚ್ಚಿ ನೋಡಿದ್ವಿ, ಬಾಗಿಲು ಮುಚ್ಚಲಿಲ್ಲ. ಏಳು ಜನ ಕೂರಬಹುದು, ಆದ್ರೆ ಏಳು ಜನಾನೂ ಕೈ ಬೀಸ್ಕೊಂಡು ಹೋಗ್ಬೇಕು. ಬ್ರೋಷರಲ್ಲಿ ಲೀಟರ್ ಲೆಕ್ಕದಲ್ಲಿ ಏನೋ ದೊಡ್ಡ ನಂಬರ್ ಬರೆದಿರ್ತಾರಲ್ಲ, ಅದು ಯಾವ ಸೀಟು ಮಡಚಿದಾಗ, ಎಲ್ಲೀವರೆಗೆ ತುಂಬಿದಾಗ ಅಂತ ಕೇಳ್ಬೇಕು. ಜರ್ಮನ್ ಪದ್ಧತಿ ಒಂದಿದೆ, ವಿಡಿಎ ಅಂತಾರೆ, 200 ಮಿಮೀ ಉದ್ದ 100 ಅಗಲ 50 ಎತ್ತರದ ಬ್ಲಾಕುಗಳನ್ನ ಜೋಡಿಸಿ ಎಷ್ಟು ಹಿಡಿಸ್ತು ಅಂತ ಎಣಿಸೋದು, ಒಂದು ಬ್ಲಾಕ್ ಅಂದ್ರೆ ಒಂದು ಲೀಟರ್. ಕೆಲವರು ಕಿಟಕಿ ಕೆಳಗಿನ ಪರದೆವರೆಗೆ ಎಣಿಸ್ತಾರೆ, ಕೆಲವರು ಚಾವಣಿವರೆಗೆ. ನೀರು ತುಂಬಿಸೋಕೆ ನಮಗೆ ಗಾಡಿ ಬೇಕಾಗಿಲ್ಲ. ಟೇಪ್ ತಗೊಂಡು ಹೋಗಿ, ಚಕ್ರಗಳ ಉಬ್ಬಿನ ನಡುವಿನ ಅಗಲ ಅಳೀರಿ, ಅದೇ ನಿಜ.

ಆವತ್ತೇ ಇನ್ನೊಂದು ವಿಷಯ ನೋಡಿದೆ, ಅದು ಇನ್ನೂ ತಲೆಯಿಂದ ಹೋಗಿಲ್ಲ. ನಿಂತ ಗಾಡಿಯ ಡ್ರೈವರ್ ಸೀಟಲ್ಲಿ ಕೂತಿದ್ದೆ, ಎಂಜಿನ್ ಆಫ್, ಇವರು ಮುಂದೆ ನಿಂತು ಚಿಕ್ಕವನ ಕೈ ಹಿಡ್ಕೊಂಡಿದ್ರು. ನಂಗೆ ಇವರು ಎದೆಯಿಂದ ಮೇಲೆ ಕಾಣ್ತಿದ್ರು. ಮಗ ಕಾಣ್ತಿರ್ಲಿಲ್ಲ. ಇವರ ತೋಳು ಕೆಳಗೆ ಎಲ್ಲೋ ಹೋಗಿತ್ತು, ಅಲ್ಲೊಬ್ಬ ಮಗು ಇದಾನೆ ಅಂತ ಅದರಿಂದ ಊಹೆ ಮಾಡ್ಬೇಕು. ಅಮೆರಿಕದ ಐಐಎಚ್‌ಎಸ್ ಅನ್ನೋ ಸೇಫ್ಟಿ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿ ಹೇಳಿದ್ದು ಏನಂದ್ರೆ, ಬಾನೆಟ್ 40 ಇಂಚಿಗಿಂತ ಎತ್ತರ ಇರೋ ಗಾಡಿ ಪಾದಚಾರಿಗೆ ಗುದ್ದಿದ್ರೆ, 30 ಇಂಚು ಅಥವಾ ಅದಕ್ಕೂ ತಗ್ಗಿರೋ, ಮೂತಿ ಇಳಿಜಾರಾಗಿರೋ ಗಾಡಿಗೆ ಹೋಲಿಸಿದ್ರೆ ಸಾವಿನ ಸಾಧ್ಯತೆ ಸುಮಾರು 45% ಜಾಸ್ತಿ. ತಗ್ಗು ಬಾನೆಟ್ ಕಾಲಿಗೆ ತಾಗತ್ತೆ, ಎತ್ತರದ್ದು ಎದೆಗೆ, ತಲೆಗೆ. ಮಕ್ಕಳಿಗೋಸ್ಕರ ಸೇಫ್ ಆಗಿರ್ಲಿ ಅಂತ ದೊಡ್ಡದು ತಗೋತೀವಿ, ನಮ್ಮ ಮಕ್ಕಳು ಒಳಗಿರೋವಾಗ ಅದು ಸರಿ, ಆದ್ರೆ ಅವರೇ ಗೇಟಿನ ಹತ್ರ ಸೈಕಲ್ ಹಿಡ್ಕೊಂಡು ನಿಂತಿರೋ ಹೊತ್ತೂ ಇರತ್ತಲ್ಲ. ಕ್ಯಾಮೆರಾ ಇದೆ ಮೇಡಂ ಅಂದ ಸೇಲ್ಸಿನ ಹುಡುಗ. ಮುಂದಿನ ಕ್ಯಾಮೆರಾ ಟಾಪ್ ವೇರಿಯಂಟಲ್ಲಿ.

ಇಷ್ಟಕ್ಕೂ ಎಸ್‌ಯುವಿ ಒಳಗೆ ಏನಿದೆ ಅಂತ ನೋಡಿದ್ರೆ, ಹೆಚ್ಚಿನವು ಎತ್ತರಿಸಿದ ಕಾರುಗಳೇ. ಹಳೇ ಕಾಲದ್ದು ಲಾರಿ ಥರ ಚಾಸಿ ಮೇಲೆ ಬಾಡಿ ಕೂರಿಸಿದ್ದು. 1984ರ ಜೀಪ್ ಚೆರೋಕಿ ಕಾರಿನ ಹಾಗೆ ಒಂದೇ ತುಂಡಿನ ಬಾಡೀಲಿ ಬಂತು, 1994ರಲ್ಲಿ ಟೊಯೊಟಾ ರಾವ್4 ಬಂತು, 1995ರಲ್ಲಿ ಹೋಂಡಾ ಸಿಆರ್-ವಿ, ಅದು ಸಿವಿಕ್ ಕಾರಿನ ಪಾರ್ಟುಗಳ ಮೇಲೆ ಕಟ್ಟಿದ್ದು. ಹೊರಗೆ ಜೀಪಿನ ಗತ್ತು, ಕೆಳಗೆ ಕಾರಿನ ಸಂಸಾರ. ಅಮೆರಿಕದಲ್ಲಿ 1975ರ ಕಾನೂನಿನಿಂದ ಬಂದ ಮೈಲೇಜ್ ನಿಯಮಗಳಲ್ಲಿ ಕಾರಿಗೆ ಬಿಗಿ, ಲೈಟ್ ಟ್ರಕ್‌ಗೆ ಸಡಿಲ, ಹಾಗಾಗಿ ಸಂಸಾರದ ಗಾಡೀನ ಟ್ರಕ್ ಲೆಕ್ಕದಲ್ಲಿ ತೋರಿಸೋದ್ರಲ್ಲಿ ಕಂಪನಿಗಳಿಗೆ ಲಾಭ ಇತ್ತು. ಎತ್ತರಿಸಿದ್ರಿಂದ, ಅಗಲ ಮಾಡಿದ್ರಿಂದ ಮಧ್ಯಮ ಗಾತ್ರದ ಕಾರಿಗಿಂತ 200ರಿಂದ 300 ಕೆಜಿ ತೂಕ ಜಾಸ್ತಿ ಅಂತ ಅದೇ ಎನರ್ಜಿ ಏಜೆನ್ಸಿ ಹೇಳತ್ತೆ. ಆ ತೂಕಾನ ದಿನಾ ಎಳ್ಕೊಂಡು ಓಡಾಡೋದು ಪೆಟ್ರೋಲು, ಬ್ರೇಕು, ಟೈರು. ಫೋರ್ ವೀಲ್ ಡ್ರೈವ್ ಇದೆ ಅಂತ ಇನ್ನೊಂದು ಗತ್ತು. ಅದು ಕೆಸರಲ್ಲಿ, ಹಿಮದಲ್ಲಿ ಗಾಡಿ ಮುಂದಕ್ಕೆ ಹೋಗೋಕೆ ಸಹಾಯ ಮಾಡತ್ತೆ, ನಿಲ್ಲೋಕೆ ಅಲ್ಲ. ಬ್ರೇಕ್ ಒತ್ತಿದಾಗ ಯಾವ ಗಾಡಿಗಾದ್ರೂ ಅದೇ ನಾಕು ಟೈರೇ ಗತಿ.

ಸಂಸಾರಕ್ಕೆ ಅಂತಾನೇ ಹುಟ್ಟಿದ ಗಾಡಿ ಬೇರೆ ಇದೆ, ಮಿನಿವ್ಯಾನ್. ಕ್ರೈಸ್ಲರ್ ಕಂಪನಿ 1984ರ ಮಾಡೆಲ್ ಆಗಿ ತಂದಿದ್ದು, ತಗ್ಗು ನೆಲ, ಪಕ್ಕಕ್ಕೆ ಜಾರೋ ಬಾಗಿಲು, ಮೂರನೇ ಸಾಲಿಗೆ ನಡ್ಕೊಂಡೇ ಹೋಗ್ಬಹುದು. ಅತ್ತೆ ಮಂಡಿಗೂ ಸರಿ, ಪಾರ್ಕಿಂಗಲ್ಲಿ ಪಕ್ಕದ ಗಾಡಿಗೆ ಬಾಗಿಲು ಬಡಿಯೋ ಭಯಾನೂ ಇಲ್ಲ. ನಾನು ಇದರ ಪರ ತುಂಬಾ ವಾದ ಮಾಡಿದೆ. ಇವರು ಒಪ್ಪಲಿಲ್ಲ. "ಟ್ಯಾಕ್ಸಿ ಥರ ಕಾಣತ್ತೆ ಕಣೇ" ಅಂದ್ರು. ಕಾರಣ ಅಷ್ಟೇ. ಮಾರ್ಕೆಟ್ ಅನ್ನೋದು ಎಲ್ಲೋ ಹೊರಗಿದೆ ಅಂತ ಬೈತಾ ಇದ್ದೆ, ಅದು ನಮ್ಮ ಸೋಫಾ ಮೇಲೇ ಕೂತಿತ್ತು. ಆದ್ರೆ ಇವರನ್ನ ಮಾತ್ರ ಬೈಯೋದೂ ನ್ಯಾಯ ಅಲ್ಲ, ಆ ಎತ್ತರದ ಸೀಟಲ್ಲಿ ಕೂತಾಗ ನಂಗೂ ಬೆನ್ನು ನೆಟ್ಟಗಾಗಿದ್ದು ನಿಜ.

ಒಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಪೇಪರ್ ಮೇಲೆ ಬರೀತಾ ಕೂತ್ವಿ. ನಮಗೆ ಏಳು ಸೀಟು ಯಾವಾಗ ಬೇಕು? ನೆಂಟರು ಬಂದಾಗ, ಎಲ್ರೂ ಸೇರಿ ಎಲ್ಲಾದ್ರೂ ಹೊರಟಾಗ. ಫೋರ್ ವೀಲ್ ಡ್ರೈವ್ ಯಾವಾಗ ಬೇಕು? ಇವರು ತುಂಬಾ ಹೊತ್ತು ಯೋಚನೆ ಮಾಡಿ "ಬೆಟ್ಟಕ್ಕೆ ಹೋದಾಗ" ಅಂದ್ರು. ಬೆಟ್ಟಕ್ಕೆ ಯಾವಾಗ ಹೋಗಿದ್ವಿ? ಮದುವೆಗೆ ಮುಂಚೆ, ಬೇರೆಬೇರೆಯಾಗಿ. ನಮ್ಮ ಗಾಡಿ ದಿನಾ ಮಾಡೋ ಕೆಲಸ ಸ್ಕೂಲು, ಆಫೀಸು, ಅಂಗಡಿ, ಅತ್ತೆಯ ಫಿಸಿಯೋಥೆರಪಿ. ಅಪರೂಪಕ್ಕೆ ಬರೋ ದಿನಕ್ಕೋಸ್ಕರ ಬೇಕು ಅಂತ ಬರೆದಿದ್ದ ಒಂದೊಂದು ವಸ್ತುವಿಗೂ ನಾವು ಕಂತು ಕಟ್ಟೋದು ಪ್ರತಿ ತಿಂಗಳು, ತೂಕ ಎಳೆಯೋದು ಪ್ರತಿ ದಿನ. ದೊಡ್ಡ ಗಾಡಿ ಬೇಕಾದ ದಿನ ಬಾಡಿಗೆಗೆ ವ್ಯಾನ್ ತಗೊಂಡ್ರೆ ಆ ವರ್ಷದ ಬಾಡಿಗೆಯೆಲ್ಲ ಸೇರಿಸಿದ್ರೂ ಮೂರನೇ ಸಾಲಿಗೆ ಕೊಡೋ ದುಡ್ಡಿನ ಬಡ್ಡಿಗೂ ಸಮ ಆಗಲ್ಲ ಅಂತ ಲೆಕ್ಕ ಬಂತು. ನಮ್ಮನೆ ಲೆಕ್ಕ ಇದು, ಐದು ಮಕ್ಕಳಿರೋ ಮನೇದು, ಮಣ್ಣು ರಸ್ತೆ ಕೊನೇಲಿರೋ ಮನೇದು ಬೇರೆ ಇರತ್ತೆ, ಅವರಿಗೆ ದೊಡ್ಡದು ದಿನಾ ಬೇಕು, ಅವರು ತಗೊಳ್ಳಲೇಬೇಕು, ಈ ಬೆಲೆಯ ನಿಜವಾದ ಹೊಡೆತ ಅಂಥವರಿಗೇ.

ಹಂಗಾಗಿ ಲಿಸ್ಟ್ ಚಿಕ್ಕದಾಯ್ತು. ಐದು ಸೀಟು ಸಾಕು, ಆದ್ರೆ ಎರಡನೇ ಸಾಲು ಅಗಲ ಇರ್ಬೇಕು, ಚೈಲ್ಡ್ ಸೀಟ್, ಬೂಸ್ಟರ್, ಒಬ್ಬ ದೊಡ್ಡವರು ಮೂರೂ ಅಕ್ಕಪಕ್ಕ ಕೂರ್ಬೇಕು, ಬೂಸ್ಟರ್ ಕೆಳಗೆ ಬೆಲ್ಟಿನ ಬಕಲ್ ಮುಚ್ಚಿಹೋಗ್ಬಾರ್ದು (ಇದೊಂದರಲ್ಲೇ ಎಷ್ಟೋ ಗಾಡಿ ಫೇಲ್ ಆಯ್ತು, ಯಾವ ರಿವ್ಯೂನಲ್ಲೂ ಇದನ್ನ ಹೇಳಲ್ಲ). ಹತ್ತೋ ಎತ್ತರ ಅತ್ತೆ ಮಂಡಿಗೆ ಸರಿಹೋಗ್ಬೇಕು, ಅವರ ಪ್ರಕಾರ ಕುರ್ಚಿ ಎತ್ತರ. ಎಸಿಗೆ, ವೈಪರಿಗೆ ಕೈಗೆ ಸಿಗೋ ಬಟನ್ ಇರ್ಬೇಕು, ಸ್ಕ್ರೀನ್ ಒಳಗೆ ಹುಡುಕೋ ಆಟ ಬೇಡ. ಯುರೋಪಲ್ಲಿ ಕಾರುಗಳ ಸೇಫ್ಟಿ ಪರೀಕ್ಷೆ ಮಾಡಿ ಸ್ಟಾರ್ ಕೊಡೋ ಯೂರೋ ಎನ್‌ಕ್ಯಾಪ್‌ನವರೂ 2026ರಿಂದ ಇಂಡಿಕೇಟರು, ಹಾರ್ನು, ವೈಪರ್ ಇಂಥವಕ್ಕೆ ನಿಜವಾದ ಬಟನ್ ಇದ್ರೇನೇ ಪೂರ್ತಿ ಅಂಕ ಅಂತ ರೂಲ್ ತಂದಿದ್ದಾರೆ, ಯಾರೋ ಒಬ್ರಿಗಾದ್ರೂ ಬುದ್ಧಿ ಬಂತಲ್ಲ.

ಹೊಸದು ಬೇಡ ಅಂತಾನೂ ಆವತ್ತೇ ತೀರ್ಮಾನ ಆಯ್ತು. ಮೂರ್ನಾಕು ವರ್ಷ ಓಡಿರೋದು ತಗೊಂಡ್ರೆ ಬೆಲೆ ಜೋರಾಗಿ ಇಳಿಯೋ ಭಾಗಾನ ಮೊದಲನೇ ಓನರ್ ಹೊತ್ತಿರ್ತಾನೆ. ಆದ್ರೆ ಒಂದು ವರ್ಷ ಹಳೇದಕ್ಕೆ ಹೊಸದಕ್ಕಿಂತ ಚೂರು ಕಮ್ಮಿ ಹೇಳೋರು ಇದಾರೆ, ಅಲ್ಲಿ ವಾದ ಮಾಡೋದೇ ವೇಸ್ಟು, ಎದ್ದು ಬಂದ್ಬಿಡಿ. ಎದ್ದು ಬರೋದನ್ನ ನಾವು ಚೆನ್ನಾಗಿ ಕಲ್ತ್ವಿ. ಮೊದಮೊದಲು ಇವರಿಗೆ ಸಂಕೋಚ, ಕಾಫಿ ಕೊಟ್ಟಿದ್ದಾರೆ ಹೇಗೆ ಎದ್ದೇಳೋದು ಅಂತ.

ಕೊನೆಗೆ ಒಂದು ಸಿಕ್ತು. ನಾಕು ವರ್ಷ ಹಳೇದು, ಮಧ್ಯದ ವೇರಿಯಂಟು, 17 ಇಂಚಿನ ವೀಲು, ಸನ್‌ರೂಫ್ ಇಲ್ಲ, ಕಲರ್ ಯಾರಿಗೂ ಇಷ್ಟ ಇಲ್ಲ. ಮಾರೋರ ಮೆಕ್ಯಾನಿಕ್ಕನ್ನ ಬಿಟ್ಟು ನಮ್ಮವನನ್ನೇ ಕರ್ಕೊಂಡು ಹೋಗಿದ್ವಿ. ಅವನು ಬಾನೆಟ್ ತೆಗೆಯೋ ಮುಂಚೆ ಟೈರ್ ಹತ್ರ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಾಕಿ ಪಕ್ಕದಲ್ಲಿರೋ ನಾಕು ಅಂಕಿ ಓದ್ದ. ಮೊದಲ ಎರಡು ಅಂಕಿ ವಾರ, ಕೊನೇ ಎರಡು ಅಂಕಿ ವರ್ಷ, 2319 ಅಂತ ಇದ್ರೆ 2019ರ 23ನೇ ವಾರ ತಯಾರಾಗಿದ್ದು. ನಾಕು ವರ್ಷದ ಗಾಡೀಲಿ ಎರಡು ಟೈರು ಗಾಡಿಗಿಂತ ಹಳೇವು. ಎಲ್ಲಿಂದ ಬಂದ್ವು ಇವು ಅಂತ ಕೇಳಿದ್ರೆ ಮಾರೋರು ಗಂಟಲು ಸರಿ ಮಾಡ್ಕೊಂಡ್ರು. ನಾಕೂ ಹೊಸ ಟೈರ್ ಹಾಕ್ಸಿ ಕೊಡ್ತೀವಿ ಅಂತ ಬರೆದು ಕೊಟ್ರು, ಬೆಲೆ ಚೂರೂ ಇಳಿಸಲಿಲ್ಲ. ಆಮೇಲೆ ಚಾಸಿ ನಂಬರು, ಸರ್ವೀಸ್ ದಾಖಲೆ, ಹಳೇ ಸಾಲ ಬಾಕಿ ಇಲ್ಲ ಅನ್ನೋ ಪತ್ರ ಎಲ್ಲ ನೋಡಿ ಅಡ್ವಾನ್ಸ್ ಕೊಟ್ವಿ. ಸಾಲ ಅರ್ಧಕ್ಕಿಂತ ಕಮ್ಮಿ, ನಾಕು ವರ್ಷದ್ದು.

ಇನ್ನೂ ಬೆಲೆ ಜಾಸ್ತಿನೇ, ಅದರಲ್ಲಿ ಸುಳ್ಳು ಹೇಳೋದೇನಿಲ್ಲ. ಐದಾರು ವರ್ಷದ ಹಿಂದೆ ಇಂಥದ್ದು ಇಷ್ಟಕ್ಕೆ ಯಾರೂ ತಗೋತಿರ್ಲಿಲ್ಲ. ಇವರು ಕಲರ್ ಬಗ್ಗೆ ಇನ್ನೂ ಗೊಣಗ್ತಾ ಇದಾರೆ, ರ‍್ಯಾಪ್ (ಗಾಡಿ ಮೇಲೆ ಅಂಟಿಸೋ ಕಲರ್ ಶೀಟು) ಹಾಕಿಸೋಕೆ ಎಷ್ಟಾಗತ್ತೆ ಅಂತ ಯಾರ ಹತ್ರಾನೋ ಫೋನಲ್ಲಿ ಕೇಳ್ತಿದ್ದಿದ್ದು ನನ್ನ ಕಿವಿಗೆ ಬಿತ್ತು. ಟೈರ್ ಬಂದ ಮೇಲೆ ಗಾಡಿ ಕೊಡ್ತಾರಂತೆ. ಬಾಗಿಲ ಪಕ್ಕದ ಸೀಟು ಯಾರಿಗೆ ಅನ್ನೋ ಪಂಚಾಯ್ತಿ ಮನೇಲಿ ಶುರುವಾಗಿದೆ, ಮಧ್ಯದಲ್ಲಿ ನಾನು ಕೂರಲ್ಲ ಅಂತ ಅತ್ತೆ ಈಗ್ಲೇ ಹೇಳ್ಬಿಟ್ಟಿದ್ದಾರೆ, ದೊಡ್ಡವಳೂ ಕೂರಲ್ಲವಂತೆ.